ಕಂದೀಲು ಇಳಿಸದ ಹಗೇವು

ಗೌಡರ ವಾಡೆಯ ಅಂಗಳದಲ್ಲಿ ಒಂದು ಹಾಸುಗಲ್ಲು ಇತ್ತು. ಹಜರಾಬಿ ಆ ಕಲ್ಲನ್ನು ತುಳಿದವಳಲ್ಲ. ತಲೆಯ ಮೇಲೆ ಸೆಗಣಿಬುಟ್ಟಿ ಇರಲಿ, ಸೊಂಟದ ಮೇಲೆ ಕೊಡ ಇರಲಿ, ಸುತ್ತು ಹಾಕಿಯೇ ಹೋಗುತ್ತಿದ್ದಳು. ನೋಡಿದವರು ಮುದುಕಿಗೆ ಏನೋ ಹರಕೆ ಇರಬೇಕು ಅಂದುಕೊಂಡಿದ್ದರು. ಹರಕೆ ಗಿರಕೆ ಏನೂ ಇರಲಿಲ್ಲ. ಆ ಕಲ್ಲಿನ ಕೆಳಗೆ ಹಗೇವು ಇತ್ತು. ಆ ಹಗೇವಿನೊಳಗೆ ಅವಳ ಗಂಡ ಸತ್ತಿದ್ದ.

ಹಗೇವು ಅಂದರೆ ನೆಲದೊಳಗಿನ ಕಣಜ. ಈಗಿನ ಹುಡುಗರಿಗೆ ಗೊತ್ತಿಲ್ಲ. ಹಿಂದಿನವರು ಎರಡಾಳು ಆಳ ತೋಡಿ, ಸುತ್ತ ಜೋಳದ ಹೊಟ್ಟು ಬಡಿದು, ಒಳಗೆ ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿಬಿಡುತ್ತಿದ್ದರು. ಇಲಿ ಬರುತ್ತಿರಲಿಲ್ಲ. ಬೆಂಕಿ ತಾಗುತ್ತಿರಲಿಲ್ಲ. ಸರಕಾರದವರ ಕಣ್ಣಿಗೂ ಬೀಳುತ್ತಿರಲಿಲ್ಲ. ಆದರೆ ಹಗೇವಿಗೆ ಒಂದು ರೀತಿ ಇತ್ತು. ಮುಚ್ಚಿದ ಹಗೇವಿನೊಳಗೆ ಗಾಳಿ ಸಾಯುತ್ತದೆ. ಇವತ್ತು ಕಲ್ಲು ತೆಗೆದರೆ ನಾಳೆ ಇಳಿಯಬೇಕು. ಅದು ಉಸಿರು ಬಿಡಬೇಕು. ಬಾಯಿಯಲ್ಲಿ ಕಂಬಳಿ ಬೀಸಿ ಒಳಗಿನ ಝಳ ಹೊರಗೆ ಹಾಕಬೇಕು. ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸಬೇಕು. ಕಂದೀಲು ಉರಿದರೆ ಮನುಷ್ಯ ಇಳಿಯಬಹುದು. ಆರಿದರೆ ಇಳಿಯಬಾರದು. ಇದು ಊರ ಕೂಸಿಗೂ ಗೊತ್ತಿದ್ದ ಮಾತು. ಗೌಡರಿಗೂ ಗೊತ್ತಿತ್ತು.

ಎಪ್ಪತ್ತೆರಡರ ಬರದಲ್ಲಿ ಭೀಮಾ ನದಿಯ ಪಾತ್ರದಲ್ಲಿ ಉಸುಕು ಬಿಟ್ಟರೆ ಬೇರೆ ಏನೂ ಕಾಣುತ್ತಿರಲಿಲ್ಲ. ಊರ ಮಂದಿ ರಸ್ತೆಗೆ ಜಲ್ಲಿ ಒಡೆಯಲು ಹೋಗಿ ಗಂಜಿ ಕುಡಿದು ಬರುತ್ತಿದ್ದರು. ಸರಕಾರಕ್ಕೆ ಕೊಡಬೇಕಾದ ಲೆವಿ ಜೋಳ ಕೇಳಲು ಬಂದವರಿಗೆ ವಾಡೆಯವರು ಬರಿದಾದ ಕೋಣೆ ತೋರಿಸಿದರು. ಹಗೇವು ತೋರಿಸಲಿಲ್ಲ. ಒಂದು ಮುಂಜಾನೆ, ಊರು ಏಳುವ ಮೊದಲು, ವಾಡೆಯ ಹಿಂದೆ ಲಾರಿ ನಿಂತಿತ್ತು. ಜೋಳಕ್ಕೆ ಬಂಗಾರದ ಬೆಲೆ ಬಂದಿತ್ತು. ಗೌಡರ ಮಗ ಜಗದೇವಪ್ಪನಿಗೆ ಆಗ ಹರೆಯ. ಅವನೇ ನಿಂತು ಕಲ್ಲು ತೆಗೆಸಿದ. ಮನೆಯ ಆಳು ಲಾಡ್ಲೆಸಾಬ ಬಗ್ಗಿ ನೋಡಿದ. ಮುಖಕ್ಕೆ ಝಳ ಹೊಡೆಯಿತು. ಹಿಂದೆ ಸರಿದ.

“ಧಣೇರ, ಹಗೇವು ಇನ್ನಾ ಉಸಿರ ಬಿಟ್ಟಿಲ್ರಿ. ನಾಳಿ ಇಳೀತೀನಿ.”

“ನಾಳಿ ಅಂದ್ರ ಊರ ಮಂದಿ ಎದ್ದು ಬರ್ತಾರ. ಇಳಿಯಲೇ.”

“ಕಂದೀಲರೆ ಇಳಸ್ರಿ.”

“ನಿನ್ನಪ್ಪನ ಕಂದೀಲು. ಲಾರಿ ನಿಂತದ. ಇಳಿ.”

ಸೊಂಟಕ್ಕೆ ಹಗ್ಗ ಕಟ್ಟಿದರು. ಇಬ್ಬರು ಆಳುಗಳು ಹಗ್ಗ ಹಿಡಿದರು. ಲಾರಿಗೆ ಬುಟ್ಟಿ ಹೊರಲು ಬಂದ ಹಜರಾಬಿ ಅಲ್ಲೇ ನಿಂತಿದ್ದಳು. ಬಸುರಿ. ಲಾಡ್ಲೆಸಾಬ ಇಳಿದ. ಕಾಲು ಹೋಯಿತು, ಎದೆ ಹೋಯಿತು, ತಲೆಯ ರುಮಾಲು ಹೋಯಿತು. ಒಂದು ಬುಟ್ಟಿಯೂ ತುಂಬಲಿಲ್ಲ. ಕೆಮ್ಮು ಕೇಳಿತು. ಆಮೇಲೆ ಹಗ್ಗ ಭಾರವಾಯಿತು.

ಎಳೆದು ಹಾಕಿದಾಗ ತುಟಿ ನೇರಳೆಹಣ್ಣಿನಂತೆ ಇತ್ತು. ಹಜರಾಬಿ ಬಾಯಿ ಬಡಿದುಕೊಳ್ಳುವ ಮೊದಲೇ ಜಗದೇವಪ್ಪ ಕುಕ್ಕರಗಾಲಲ್ಲಿ ಕುಳಿತು ಹೆಣದ ಸೊಂಟದ ಹಗ್ಗ ಬಿಚ್ಚಿದ. ತನ್ನ ಕೈಯಿಂದಲೇ ಬಿಚ್ಚಿದ. ಹಗ್ಗ ಇದ್ದರೆ ಆಳು. ಹಗ್ಗ ಇಲ್ಲದಿದ್ದರೆ ಕಳ್ಳ.

ಲಾರಿ ಖಾಲಿ ಹೋಯಿತು. ಪೊಲೀಸ ಬಂದ, ವಾಡೆಯಲ್ಲಿ ಉಂಡ, ಹೋದ. ಲಾಡ್ಲೆಸಾಬ ಜೋಳ ಕದಿಯಲು ಇಳಿದು ಸತ್ತ ಅಂತ ಊರಿಗೆ ಊರೇ ಅಂದಿತು. ಹಸಿದ ಊರಿಗೆ ಅದು ನಂಬುವ ಮಾತೇ ಆಗಿತ್ತು. ಹಜರಾಬಿ ಹೇಳಿದಳು. ಪಂಚರ ಮುಂದೆ ಹೇಳಿದಳು, ದರ್ಗಾದ ಕಟ್ಟೆಯಲ್ಲಿ ಹೇಳಿದಳು, ಬಾವಿಯ ದಂಡೆಯಲ್ಲಿ ಹೇಳಿದಳು. ಹಗ್ಗ ಹಿಡಿದ ಇಬ್ಬರೂ ತಲೆ ಕೆಳಗೆ ಹಾಕಿದರು. ಅವರಿಗೂ ಮಕ್ಕಳಿದ್ದರು. ಅವರಿಬ್ಬರೂ ಈಗ ಮಣ್ಣಾಗಿದ್ದಾರೆ.

ಹೊಟ್ಟೆ ಇತ್ತು. ಹೊಟ್ಟೆಯೊಳಗೆ ಇನ್ನೊಂದು ಹೊಟ್ಟೆ ಇತ್ತು. ಹಜರಾಬಿ ಅದೇ ವಾಡೆಗೆ ಕೂಲಿಗೆ ಹೋದಳು. ಬೇರೆ ಯಾರೂ ಕರೆಯಲಿಲ್ಲ. ಜೋಳ ಕೊಯ್ದಳು, ತೊಗರಿ ಬಡಿದಳು, ಹತ್ತಿ ಬಿಡಿಸಿ ಬೆರಳಿನ ಸಂದು ಸೀಳಿಸಿಕೊಂಡಳು. ಸುಗ್ಗಿಯಲ್ಲಿ ರಾಶಿ ಮುಗಿದು ಹೆಂಗಸರು ಹೊರಡುವಾಗ, ಕೂಲಿಯ ಮೇಲೆ ಉಡಿಗೆ ಒಂದು ಬೊಗಸೆ ಕಾಳು ಹಾಕುವುದು ಪದ್ಧತಿ. ಎಲ್ಲರಿಗೂ ಹಾಕುತ್ತಿದ್ದರು. ಹಜರಾಬಿಯ ಸರದಿ ಬಂದಾಗ ಮಾತ್ರ ಬಾಗಿಲಲ್ಲಿ ವಾಡೆಯವರದು ಒಂದು ಮಾತು.

“ಹಜರಾ, ಮೊದಲ ಉಡಿ ಝಾಡಿಸು.”

ಅವಳು ಸೆರಗಿನ ಗಂಟು ಬಿಚ್ಚುತ್ತಿದ್ದಳು. ಎರಡೂ ತುದಿ ಹಿಡಿದು ಝಾಡಿಸುತ್ತಿದ್ದಳು. ಧೂಳು ಬೀಳುತ್ತಿತ್ತು. ಒಣ ಎಲೆಯ ರವದಿ ಬೀಳುತ್ತಿತ್ತು. ಒಂದು ಕಾಳೂ ಬೀಳುತ್ತಿರಲಿಲ್ಲ. ಆದರೂ ಮಂದಿ ನಗುತ್ತಿದ್ದರು. ಆಮೇಲೆ ಬೊಗಸೆ ಕಾಳು. ಅದನ್ನೇ ಬೀಸಿ ಮಗನಿಗೆ ರೊಟ್ಟಿ ಬಡಿಯುತ್ತಿದ್ದಳು.

ಮಗ ಮಸೂದ ತಾಯಿಯ ಬೆರಳು ಹಿಡಿದು ಇದನ್ನೆಲ್ಲ ನೋಡಿ ಬೆಳೆದ. ಸಾಲಿಯಲ್ಲಿ ಅವನನ್ನು ‘ಹಗೇವಿನ ಕಳ್ಳ’ ಅಂತಲೇ ಕರೆಯುತ್ತಿದ್ದರು. ಸಾಲಿ ಬಿಟ್ಟ. ವಾಡೆಯ ಎತ್ತು ಹಿಡಿದ. ಎತ್ತು ಹೋಗಿ ಟ್ರ್ಯಾಕ್ಟರು ಬಂದ ಮೇಲೂ ಅಲ್ಲೇ ಉಳಿದ. ಮದುವೆಯಾದ, ಮಗಳು ನೂರೀನ ಹುಟ್ಟಿದಳು. ಮನೆ ಇದ್ದ ಜಾಗವೂ ಗೌಡರದ್ದು. ಅಪ್ಪ ಹೇಗೆ ಸತ್ತ ಅಂತ ತಾಯಿ ಅವನಿಗೆ ಹೇಳಿದ್ದಳು. ಅವನು ಕೇಳಿ ಸುಮ್ಮನಿದ್ದ. ತಾಯಿಯ ಮಾತು ಒಂದು, ಊರಿನ ಮಾತು ನೂರು. ಮಗ ಪೂರಾ ನಂಬಿಲ್ಲ ಅನ್ನುವುದು ಹಜರಾಬಿಗೆ ಗೊತ್ತಿತ್ತು. ಅವನ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ. ಸಿಟ್ಟು ಬೇರೆ ಕಡೆ ಇತ್ತು. ಬೂದಿಯಲ್ಲಿ ಕೆಂಡ ಮುಚ್ಚಿಟ್ಟಂತೆ ಇಟ್ಟಿದ್ದಳು.

ಹೀಗೆ ಕೂದಲು ಬೆಳ್ಳಗಾಯಿತು.

ಈಗ ಜಗದೇವಪ್ಪನೇ ಮುದುಕ. ಕೈಯಲ್ಲಿ ಬೆತ್ತ, ಹಣೆಯ ಮೇಲೆ ವಿಭೂತಿ. ಅವನ ಮಗ ಗುರುಶಾಂತ ಕಲಬುರಗಿಯಲ್ಲಿ ಗುತ್ತಿಗೆ ಕೆಲಸ ಮಾಡಿ ದುಡ್ಡು ಮಾಡಿದವನು. ಅವನಿಗೆ ಒಂದು ಹುಚ್ಚು ಹಿಡಿಯಿತು. ವಾಡೆಯನ್ನೆಲ್ಲ ಸುಣ್ಣ ಬಳಿಸಿ ‘ಒಕ್ಕಲಿಗರ ನೆನಪಿನ ಮನೆ’ ಮಾಡುತ್ತೇನೆ ಅಂದ. ಕೂರಿಗೆ, ಕುಂಟೆ, ಬೀಸುವ ಕಲ್ಲು, ತೊಗಲಿನ ಮಿಣಿ, ಕಂದೀಲು, ಎಲ್ಲ ಒರೆಸಿ ಗೋಡೆಗೆ ತೂಗುಹಾಕಿ ಕೆಳಗೆ ಚೀಟಿ ಹಚ್ಚಿಸಿದ. ಹಳಬರ ಮಾತು, ಪದ ಹಿಡಿದಿಡಲು ಮಹೇಶಕುಮಾರ ಅನ್ನುವ ಹುಡುಗನನ್ನು ಕ್ಯಾಮರಾ ಸಮೇತ ಕರೆಸಿದ. ನೋಡಲು ಬಂದವರು ಒಂದು ಗುಂಡಿ ಒತ್ತಿದರೆ ಸಾಕು, ಹಳಬರ ದನಿ ಬರುತ್ತದೆಯಂತೆ.

ಪದ ಬರುವ ಹಳಬರು ಊರಲ್ಲಿ ಉಳಿದಿರಲಿಲ್ಲ. ಹಜರಾಬಿಯನ್ನು ಕರೆಸಿದರು.

“ನಮಸ್ಕಾರ್ರಿ ಆಯಿ. ಬೀಸೋ ಪದ ಬಕ್ಕಳ ಬರ್ತಾವಂತಲ್ಲ ನಿಮಗ?” ಮಹೇಶಕುಮಾರ ಕೇಳಿದ.

“ಬೀಸೋ ಕಲ್ಲ ಗ್ವಾಡಿ ಏರಿ ಕುಂತಾವ. ಪದ ಎಲ್ಲಿ ಉಳದಾವಪಾ.”

“ಇದ್ದಷ್ಟ ಹೇಳ್ರಿ. ನಿಮ್ಮ ದನಿ ಈ ಡಬ್ಬ್ಯಾಗ ನೂರು ವರ್ಷ ಇರ್ತದ.”

ಹಜರಾಬಿ ಕ್ಯಾಮರಾದ ಡಬ್ಬಿಯನ್ನು ನೋಡಿದಳು. ಅಂಗೈಯಷ್ಟು. ಮೂಲೆಯಲ್ಲಿ ಕೆಂಪು ದೀಪ.

“ನಾ ಸತ್ತರೂ ಇರ್ತದ?”

“ಇರ್ತದ್ರಿ.”

“ಏನ ಹೇಳಿದ್ರೂ ಹಿಡೀತದ?”

ಹುಡುಗ ನಕ್ಕ. “ನಿಮ್ಮ ಕೆಮ್ಮೂ ಬಿಡಂಗಿಲ್ಲ ಆಯಿ ಅದು.”

ಪಂಚರು ಕೇಳಲಿಲ್ಲ, ಪೊಲೀಸ ಕೇಳಲಿಲ್ಲ. ಈ ಡಬ್ಬಿ ಕೇಳುತ್ತದೆ. ಮೊದಲು ಅವರು ಕೇಳಿದ್ದು ಕೊಡೋಣ, ಆಮೇಲೆ ನನ್ನದು ಹೇಳೋಣ ಅಂದುಕೊಂಡಳು. ಕೂಲಿಯವರ ಬುದ್ಧಿ ಅದು. ಮೊದಲು ಕೆಲಸ, ಆಮೇಲೆ ಕೈ ಚಾಚುವುದು. ಅಲ್ಲೇ ಅವಳು ತಪ್ಪಿದ್ದು. ಸೆರಗು ತಲೆಯ ಮೇಲೆ ಎಳೆದುಕೊಂಡು, ಇಲ್ಲದ ಬೀಸುವ ಕಲ್ಲಿನ ಗೂಟ ಹಿಡಿದವಳಂತೆ ಕೈ ತಿರುಗಿಸುತ್ತ ಹಾಡಿದಳು.

ಕರಿಮಣ್ಣ ಹೊಟ್ಟ್ಯಾಗ ಬಿಳಿಜ್ವಾಳ ಮಲಗ್ಯಾವ
ಮ್ಯಾಲಿನ ಕಲ್ಲ ಸರಿಸಣ್ಣ | ಹಗೇವಿಗಿ
ಒಂದೀಟ ಉಸಿರ ಬಿಡಗೊಡೊ

“ಭಾಳ ಚೊಲೋ ಬಂತ್ರಿ ಆಯಿ!”

“ಪದ ಆತಲ್ಲ. ಈಗ ಒಂದ ಮಾತ ಹೇಳ್ತೀನಪಾ.”

“ತಡೀರಿ, ಈಗ ಅವ್ವಾರದು, ಗೌಡ್ರದು ಅದ. ಅವರದು ಆಗಲಿ.”

ಅವಳು ದನದ ಕೊಟ್ಟಿಗೆಯ ಕಂಬಕ್ಕೆ ಆತು ಕುಳಿತಳು. ಕಾಯುವುದು ಅವಳಿಗೆ ಹೊಸದಲ್ಲ. ಜಗದೇವಪ್ಪನ ಹೆಂಡತಿ ಕಸ್ತೂರಿಬಾಯಿ ಬಂದು ಕುರ್ಚಿಯ ಮೇಲೆ ಕುಳಿತಳು. ಅವಳ ನೆನಪೋ ನೆನಪು. ತಾನು ಮದುವೆಯಾಗಿ ಬಂದ ಬಂಡಿಯ ಎತ್ತುಗಳ ಹೆಸರು ಹೇಳಿದಳು. ಅತ್ತೆ ಉಡಿ ತುಂಬಿದ ಖಣದ ಬಣ್ಣ ಹೇಳಿದಳು. ಮೊದಲ ಎಳ್ಳಮಾಸಿ ಹಬ್ಬಕ್ಕೆ ಹೊಲಕ್ಕೆ ಒಯ್ದ ಬುತ್ತಿಯಲ್ಲಿ ಯಾವ ಪಲ್ಲೆಗೆ ಉಪ್ಪು ಹೆಚ್ಚಾಗಿತ್ತು ಅನ್ನುವುದನ್ನೂ ಹೇಳಿ ನಕ್ಕಳು.

ಆಮೇಲೆ ಜಗದೇವಪ್ಪ. ರುಮಾಲು ಸರಿಮಾಡಿಕೊಂಡ.

“ಎಪ್ಪತ್ತೆರಡರಾಗ ದೊಡ್ಡ ಬರ ಬಿತ್ತು. ಮಂದಿ ಹಸ್ತು ಸಾಯಾಕತ್ತಿದ್ರು. ನಮ್ಮಪ್ಪಾರು, ನಾವು ಇದ್ರ ಅವರು ಇರಬೇಕು ಅಂದು ಈ ಹಗೇವು ತಗದು ಊರಿಗೆಲ್ಲ ಜ್ವಾಳ ಹಂಚಿದ್ರು.”

“ಇದೇ ಹಗೇವೇನ್ರಿ?”

“ಇದ. ನಮ್ಮ ಆಳ ಒಬ್ಬಾಂವ ಇದ್ದ. ಹಂಚೂ ತನಕ ತಡೀಲಿಲ್ಲ. ಕಳವಿಗೆ ಇಳದು ಒಳಗ ಸತ್ತ. ಪಾಪ. ನಾವ ಕಫನ್ ಅರಿವಿ ಕೊಡಿಸಿದಿವಿ. ಅವನ ಹೆಂಡ್ತಿ ಮಕ್ಕಳನ್ನ ಇವತ್ತಿಗೂ ನಾವ ಸಾಕೀವಿ.”

ಕೆಂಪು ದೀಪ ಉರಿಯುತ್ತಿತ್ತು. ಡಬ್ಬಿ ಅದನ್ನೂ ನುಂಗಿತು. ನೂರು ವರ್ಷ ಇರುತ್ತದೆ.

ಹಜರಾಬಿ ಕಂಬ ಹಿಡಿದು ಎದ್ದಳು. “ಸುಳ್ಳ” ಅಂದಳು. ಯಾರಿಗೂ ಕೇಳಿಸಲಿಲ್ಲ. ಮತ್ತೆ ಅಂದಳು. ಗುರುಶಾಂತ ತಿರುಗಿ ನೋಡಿದ.

“ನಿಂದು ಮುಗೀತಲ್ಲಬೇ, ಇನ್ನಾ ಕುಂತೀಯಲ್ಲ? ಚಾ ಕುಡದು ಹೋಗು.”

ಗೋಡೆಯ ಗೂಡಿನಲ್ಲಿ ಅವಳ ಲೋಟ ಇತ್ತು. ಅವಳದ್ದೇ ಲೋಟ, ಬೇರೆಯವರು ಮುಟ್ಟದ ಲೋಟ. ಅವಳು ಅದನ್ನು ತೆಗೆಯಲಿಲ್ಲ. ಹೊರಟಳು.

ಮರುದಿನ ಮಧ್ಯಾಹ್ನ ಮಸೂದ ಮನೆಗೆ ಬಂದು ಬುತ್ತಿ ಬಿಚ್ಚದೆ ಕುಳಿತ.

“ಏನಾತೋ?”

“ಹಗೇವು ತೆರೀತಾರಂತ ಅಮ್ಮಾ. ಒಳಗ ಇಳದು ಹಳೇ ರಾಡಿ ತಗದು ಹೊಸಾ ಜ್ವಾಳ ಸುರೀಬೇಕಂತ. ಅದನ್ನ ಕ್ಯಾಮರಾದಾಗ ಹಿಡೀತಾರ.”

“ಯಾರ ಇಳೀತಾರ?”

ಅವನು ಬುತ್ತಿಯ ಗಂಟನ್ನು ಬದಿಗೆ ಸರಿಸಿದ.

“ಕಲ್ಲ ಯಾವಾಗ ತಗದಾರ?”

“ಇನ್ನಾ ತಗದಿಲ್ಲ. ಈಗ ಹೋಗಿ ತಗಿಯೋದು, ಇಳಿಯೋದು. ಸಂಜಿಕ ದೊಡ್ಡ ಮಂದಿ ನೋಡಾಕ ಬರ್ತಾರಂತ.”

ಹಜರಾಬಿ ಬಡಿದು ಹಾಕಿದ್ದ ರೊಟ್ಟಿ ಹಂಚಿನ ಮೇಲೆ ಕರಿಯಾಯಿತು. ಮೊನ್ನೆ ಸೊನ್ನದ ಬ್ಯಾರೇಜಿನಿಂದ ನೀರು ಬಿಟ್ಟು ಹೊಳೆ ಉಕ್ಕಿದಾಗ ವಾಡೆಯ ಅಂಗಳದವರೆಗೆ ನೆಲ ನೆನೆದಿತ್ತು. ಹಳೇ ಹೊಟ್ಟು ಒಳಗೆ ಕೊಳೆತಿರುತ್ತದೆ. ಬರದ ವರ್ಷಕ್ಕಿಂತ ಕೆಟ್ಟ ಹವಾ ಇರುತ್ತದೆ.

“ನಕ್ಕೊ ಬೇಟಾ. ಇಳೀಬ್ಯಾಡ.”

“ಇಲ್ಲ ಅಂದ್ರ ಎಲ್ಲಿರೋಣಮ್ಮಾ? ಈ ಜಾಗ ಯಾರದು? ‘ನಿಮ್ಮಪ್ಪಗ ಹಾದಿ ಗೊತ್ತಿತ್ತು, ನಿನಗೂ ಗೊತ್ತಿರ್ತದಲೇ’ ಅಂದು ಎಲ್ಲಾರೂ ನಗಾಕತ್ತಾರ.” ಅವನ ಕಣ್ಣು ಒದ್ದೆಯಾಗಿದ್ದವು. ಮೊಮ್ಮಕ್ಕಳು ಬರುವ ವಯಸ್ಸಿನ ಗಂಡಸು. ಎದ್ದು ಹೋದ.

ಹಜರಾಬಿ ಒಲೆಗೆ ನೀರು ಸುರಿದಳು. ಸೀರೆ ಎತ್ತಿ ಸೊಂಟಕ್ಕೆ ಸಿಗಿಸಿ ಹಿಂದೆಯೇ ನಡೆದಳು. ಮೊಣಕಾಲು ಕಿರುಗುಟ್ಟಿದವು. ವಾಡೆಯ ಬಾಗಿಲು ದಾಟಿದಳು. ಅಂಗಳದಲ್ಲಿ ಹಾರೆ ಹಿಡಿದು ನಾಲ್ಕಾರು ಮಂದಿ ನಿಂತಿದ್ದರು. ಅವಳು ಯಾರ ಮುಖವನ್ನೂ ನೋಡಲಿಲ್ಲ. ಈ ಸಲ ಸುತ್ತು ಹಾಕಲಿಲ್ಲ. ನೇರ ಹೋಗಿ ಕಲ್ಲಿನ ಮೇಲೆ ಕುಳಿತಳು.

ಕಲ್ಲು ಬಿಸಿಲಿಗೆ ಕಾದಿತ್ತು. ಕುಂಡಿ ಸುಟ್ಟಿತು. ಏಳಲಿಲ್ಲ.

“ಏನಬೇ ಇದು?” ಗುರುಶಾಂತ ಬಂದ. “ಏಳು, ಹೊತ್ತಾಗಾಕತ್ತದ.”

“ಕಂದೀಲ ಇಳಸ್ರಿ. ಏಳ್ತೀನಿ.”

“ನೋಡ್ರೋ, ಮುದುಕಿ ಹಾಡಹಗಲ ಕಂದೀಲ ಕೇಳ್ತಾಳ!” ಹಾರೆ ಹಿಡಿದವನೊಬ್ಬ ನಕ್ಕ. “ಮೊಬೈಲ ಲೈಟ ಬಿಡ್ತೀನಿ ತಡಿ ಆಯಿ.”

“ಮೊಬೈಲ ಆರಂಗಿಲ್ಲಪಾ. ಅದಕ್ಕ ಉಸಿರ ಬ್ಯಾಡ. ನನ್ನ ಮಗಗ ಬೇಕು.”

ನಗೆ ನಿಂತಿತು. ಜಗದೇವಪ್ಪ ಬೆತ್ತ ಊರುತ್ತ ಪಡಸಾಲೆಯಿಂದ ಇಳಿದು ಬಂದ. ಹಿಂದೆ ಕಸ್ತೂರಿಬಾಯಿ ಬಾಗಿಲಿಗೆ ಬಂದು ನಿಂತಳು. ಮಹೇಶಕುಮಾರ ಕ್ಯಾಮರಾ ಈ ಕಡೆ ತಿರುಗಿಸಿದ.

“ಹಜರಾ, ನಾಟಕ ಬ್ಯಾಡ. ನಿನಗ ಜಾಗ ಕೊಟ್ಟೀನಿ. ನಿನ್ನ ಮಗಗ ಕೆಲಸ ಕೊಟ್ಟೀನಿ. ಕಳ್ಳನ ಹೆಂಡ್ತಿನ್ನ ಬ್ಯಾರೆ ಯಾರ ಬಾಗಲಾಗ ನಿಂದರಸ್ತಿದ್ರು?”

“ನಿಮ್ಮ ಗುರುಶಾಂತನ್ನ ಇಳಸ್ರಿ ಧಣೇರ. ಈಗಿಂದೀಗ ಏಳ್ತೀನಿ.”

ಹಾರೆ ಹಿಡಿದವರು ಗುರುಶಾಂತನ ಕಡೆ ನೋಡಿದರು.

“ಮಸೂದ್ಯಾ,” ಜಗದೇವಪ್ಪನ ದನಿ ಸಣ್ಣದಾಯಿತು. “ನಿಮ್ಮವ್ವನ್ನ ಎಬ್ಬಸು. ಇಲ್ಲಂದ್ರ ಇವತ್ತ ಸಾಮಾನ ಕಟ್ಟು.”

ಮಸೂದ ಬಂದ. ತಾಯಿಯ ರಟ್ಟೆ ಹಿಡಿದ. ಒಣ ಕಟ್ಟಿಗೆಯಂಥ ರಟ್ಟೆ. ಎಳೆದರೆ ಬಂದುಬಿಡುತ್ತಿತ್ತು. ಆದರೆ ಅವಳ ಹತ್ತೂ ಬೆರಳು ಕಲ್ಲಿನ ಅಂಚು ಹಿಡಿದಿದ್ದವು. ಉಗುರಿನ ಬುಡದಲ್ಲಿ ರಕ್ತ ಬಂತು. ಅವನು ಕುಕ್ಕರಿಸಿದ. ಮುಖ ಹತ್ತಿರ ತಂದ.

“ಅಮ್ಮಾ, ಏಳು. ಕಾಲ ಬೀಳ್ತೀನಿ.”

“ಇಲ್ಲ.”

“ಖರೆ ಹೇಳು.” ರಟ್ಟೆಯ ಹಿಡಿತ ಬಿಡಲಿಲ್ಲ. “ಅಲ್ಲಾನ ಮ್ಯಾಲ ಆಣಿ ಅದ. ನಮ್ಮ ಅಬ್ಬಾ ಕದಿಯಾಕ ಇಳದಿದ್ನೇನು?”

ಇಷ್ಟು ವರ್ಷ ಅವನು ಕೇಳದೆ ಇಟ್ಟುಕೊಂಡ ಮಾತು ಅದು. ಎಲ್ಲರ ಮುಂದೆ ಕೇಳಿದ. ಹಜರಾಬಿ ಮಗನ ಮುಖ ನೋಡಿದಳು. ಅದೇ ಹಣೆ, ಅದೇ ಹುಬ್ಬು.

“ಅವನ ನಡಕ್ಕ ಹಗ್ಗ ಕಟ್ಟಿದ್ರು. ಇಬ್ಬರು ಹಿಡದಿದ್ರು. ಇವರು ಮ್ಯಾಲ ನಿಂತು ಇಳಿಯಲೇ ಅಂದ್ರು. ನಾ ಬುಟ್ಟಿ ಹಿಡಕೊಂಡು ಇಲ್ಲೇ ನಿಂತಿದ್ದೆ. ನೀ ನನ್ನ ಹೊಟ್ಟ್ಯಾಗ ಒದೀತಿದ್ದಿ. ಕಳ್ಳಗ ಯಾರರೆ ನಡಕ್ಕ ಹಗ್ಗ ಕಟ್ಟಿ ಇಳಸ್ತಾರೇನೋ? ಕದಿಯಾಂವ ಲಾರಿ ತರ್ತಾನೇನೋ?”

ಮಸೂದ ಕೈ ಬಿಟ್ಟ. ಎದ್ದು ನಿಂತ.

“ಕಂದೀಲ ಇಳಸ್ರಿ ಧಣೇರ,” ಅಂದ. “ಉರದ್ರ ಇಳೀತೀನಿ. ಆರಿದ್ರ ಇಳಿಯಂಗಿಲ್ಲ.”

ವಾಡೆಯಲ್ಲಿ ಅವನು ‘ಇಲ್ಲ’ ಅಂದದ್ದು ಅದೇ ಮೊದಲು.

ಗುರುಶಾಂತ ಹಲ್ಲು ಕಡಿದ. ಆದರೆ ಕ್ಯಾಮರಾ ಇತ್ತು, ಮಂದಿ ಸೇರಿದ್ದರು, ಬೇರೆ ಯಾರೂ ಇಳಿಯಲು ಮುಂದೆ ಬರಲಿಲ್ಲ. ಗೋಡೆಗೆ ತೂಗುಹಾಕಿದ್ದ ಕಂದೀಲನ್ನು ಚೀಟಿ ಸಮೇತ ತಂದರು. ಟ್ರ್ಯಾಕ್ಟರಿನ ಡೀಸೆಲ್ ಹಾಕಿ ಹಚ್ಚಿದರು. ಹಜರಾಬಿ ಕಲ್ಲು ಬಿಟ್ಟು ಎದ್ದಳು. ಹಾರೆ ಹಾಕಿ ಕಲ್ಲು ಸರಿಸಿದರು. ಹಗೇವು ಬಾಯಿ ತೆರೆಯಿತು. ಕೊಳೆತ ವಾಸನೆ ಬಂತು. ಎಲ್ಲರೂ ಮೂಗು ಮುಚ್ಚಿದರು. ಅವಳು ಮುಚ್ಚಲಿಲ್ಲ.

ಮಸೂದ ಹಗ್ಗ ಹಿಡಿದು ಇಳಿಸಿದ. ಕಂದೀಲು ಹಗೇವಿನ ಕುತ್ತಿಗೆಯ ಮಟ ಹೋಯಿತು. ಉರಿಯುತ್ತಿತ್ತು. ಎದೆಯ ಮಟ ಹೋಯಿತು. ಬೆಳಕು ಸಣ್ಣದಾಯಿತು, ನೀಲಿಯಾಯಿತು. ಇನ್ನೊಂದು ಮೊಳ ಇಳಿಸಿದ. ಸತ್ತಿತು.

“ಗಾಳಿ ಬಡದು ಆರೇದ,” ಗುರುಶಾಂತ ಅಂದ. ಗಿಡದ ಎಲೆ ಅಲುಗುತ್ತಿರಲಿಲ್ಲ.

ಮತ್ತೆ ಹಚ್ಚಿ ಇಳಿಸಿದರು. ಅಲ್ಲೇ, ಅದೇ ಮಟದಲ್ಲಿ ಮತ್ತೆ ಸತ್ತಿತು. ಹಾರೆ ಹಿಡಿದವರು ಒಬ್ಬೊಬ್ಬರೇ ಬಾಯಿಯಿಂದ ಹಿಂದೆ ಸರಿದರು.

“ಅವತ್ತೂ ಹಿಂಗ ಆರತಿತ್ತು,” ಹಜರಾಬಿ ಅಂದಳು. “ಅವತ್ತ ನೀವು ಕಂದೀಲ ಇಳಸಲಿಲ್ಲ. ನನ್ನ ಗಂಡನ್ನ ಇಳಸಿದ್ರಿ. ಅಂವ ಆರಿದ. ಸತ್ತ ಮ್ಯಾಲ ನಡದಾಗಿನ ಹಗ್ಗ ನಿಮ್ಮ ಕೈಲೇ ಬಿಚ್ಚಿದ್ರಿ ಧಣೇರ. ಜ್ವಾಳ ಮುಚ್ಚಿಟ್ಟಿದ್ದು ಹೊರಗ ಬೀಳಬಾರದಂತ ಅವನ್ನ ಕಳ್ಳನ್ನ ಮಾಡಿದ್ರಿ. ಊರಿಗಿ ಹಂಚಿದಿವಿ ಅಂತೀರಿ. ಯಾರ ಉಡಿಗಿ ಬಿತ್ತು? ಒಬ್ಬರರೆ ಬಂದು ಹೇಳಲಿ.”

ಜಗದೇವಪ್ಪನ ಬೆತ್ತ ನೆಲದಲ್ಲಿ ಗೀರು ಎಳೆಯುತ್ತಿತ್ತು. ಹಜರಾಬಿ ಬಾಗಿಲ ಕಡೆ ತಿರುಗಿದಳು.

“ಅವ್ವಾರೆ, ನೀವ ಹೇಳ್ರಿ. ಅವತ್ತ ನೀವು ಹಿಂಗ ಅದೇ ಬಾಗಲಾಗ ನಿಂತಿದ್ರಿ. ಹೊಸಾ ಮದಲಗಿತ್ತಿ. ಹಗ್ಗ ಬಿಚ್ಚೂದು ನೀವೂ ನೋಡೀರಿ. ನನ್ನ ಬಾಯಿಗಿ ನೀರ ಹಾಕಿದವರೂ ನೀವ. ಒಂದ ಮಾತ ಹೇಳಿಬಿಡ್ರಿ. ನನಗ ಜಾಗ ಬ್ಯಾಡ, ಏನೂ ಬ್ಯಾಡ.”

ಕಸ್ತೂರಿಬಾಯಿ ಚೌಕಟ್ಟು ಹಿಡಿದಳು. ಒಂದು ಸಲ ಹಗೇವಿನ ಬಾಯಿ ನೋಡಿದಳು. ಒಂದು ಸಲ ಗಂಡನ ಮುಖ ನೋಡಿದಳು.

“ನನಗ ನೆನಪಿಲ್ಲಬೇ,” ಅಂದಳು. “ಎಷ್ಟ ವರ್ಷದ ಮಾತು ಅದು. ನೆನಪಿಲ್ಲ.” ಒಳಗೆ ಹೋದಳು.

ನಿನ್ನೆ ಎತ್ತಿನ ಹೆಸರು ನೆನಪಿತ್ತು. ಪಲ್ಲೆಯ ಉಪ್ಪು ನೆನಪಿತ್ತು.

ಕಲ್ಲು ಸುಟ್ಟಾಗ ಸೋಲದ ಹಜರಾಬಿ ಆಗ ಸೋತಳು. ನೆಲಕ್ಕೆ ಕುಳಿತಳು.

“ಆ ಡಬ್ಬಿ ಬಂದ್ ಮಾಡಲೇ,” ಜಗದೇವಪ್ಪ ಅಂದ. “ಇದನ್ನೆಲ್ಲ ಅಳಸು.”

ಮಹೇಶಕುಮಾರ ಗುರುಶಾಂತನ ಮುಖ ನೋಡಿದ. ಕೆಂಪು ದೀಪ ಆರಿತು. ಅದಕ್ಕೆ ಹಗೇವಿಗೆ ಇಳಿಯುವುದೇನೂ ಬೇಕಾಗಲಿಲ್ಲ.

“ಅಳಸ್ತೀಯಂದ್ರ ನನ್ನ ಪದಾನೂ ಅಳಸಪಾ,” ಅವಳು ಕೂತಲ್ಲಿಂದಲೇ ಅಂದಳು. “ನನ್ನ ದನಿ ಈ ಮನ್ಯಾಗ ಬ್ಯಾಡ. ನನಗ ತಿರುಗಿ ಕೊಡು.”

“ಅದು ನನ್ನ ಕೈಯಾಗಿಲ್ರಿ ಆಯಿ,” ಹುಡುಗ ತಲೆ ಎತ್ತಲಿಲ್ಲ. “ಕೆಲಸ ಅವರದು.”

ಅವತ್ತು ಹಗೇವಿಗೆ ಯಾರೂ ಇಳಿಯಲಿಲ್ಲ. ಮಗ ಉಳಿದ. ಅಷ್ಟೇ ಸಿಕ್ಕಿದ್ದು. ಉಳಿದದ್ದೆಲ್ಲ ಹೋಯಿತು. ಮರುದಿನ ಮುಂಜಾನೆ ಟ್ರ್ಯಾಕ್ಟರು ಬಂದು ಅವರ ಮನೆಯ ಮುಂದೆ ನಿಂತಿತು. ತಗಡು ಕಿತ್ತರು, ಗಳ ಕಿತ್ತರು. ಬೇರೆ ಯಾರಾದರೂ ಜಾಗ ಕೊಡುತ್ತಾರೇನೋ ಅಂತ ಮಸೂದ ಊರೆಲ್ಲ ಕೇಳಿದ. ಗೌಡರ ಮಾತು ಅವನಿಗಿಂತ ಮುಂಚೆ ಎಲ್ಲರ ಮನೆ ಮುಟ್ಟಿತ್ತು. ಹಳ್ಳದ ಆಚೆ, ಖಬರಸ್ತಾನದ ಬದಿಯ ಜಾಲಿಯೊಳಗೆ ಅದೇ ತಗಡು ಒರಗಿಸಿ ಗುಡಿಸಲು ಮಾಡಿದರು. ಅಲ್ಲಿ ಹಾವು ಇದ್ದವು. ಕೂಲಿಗೆ ಅವನು ದೂರದ ಕೊಳಕೂರಿನ ಕಡೆ ನಡೆದು ಹೋಗಬೇಕಾಯಿತು.

ಸಾಮಾನು ಹೊತ್ತು ವಾಡೆಯ ಮುಂದೆ ಹಾಯುವಾಗ ಮಸೂದ ನಿಂತ. ಯಾರೂ ಕೇಳಲಿಲ್ಲ, ಯಾರೂ ತಡೆಯಲಿಲ್ಲ. ತಾನೇ ಗಂಟು ಇಳಿಸಿ ಬಿಚ್ಚಿದ. ಕೌದಿ ಝಾಡಿಸಿದ. ಗಡಿಗೆ ಬೋರಲು ಹಾಕಿದ. ಹೆಂಡತಿಯ ಸೀರೆ, ಮಗಳು ನೂರೀನಳ ಓಢಣಿ, ತನ್ನ ಅಂಗಿ, ಒಂದೊಂದನ್ನೂ ಎತ್ತಿ ರಸ್ತೆಯ ನಡುವೆ ಝಾಡಿಸಿದ.

“ನೋಡಕೊಳ್ರಿ,” ಅಂತ ಬಾಗಿಲ ಕಡೆ ಕೂಗಿದ. “ನಮ್ಮಪ್ಪನೂ ಏನೂ ಒಯ್ದಿಲ್ಲ. ನಾನೂ ಏನೂ ಒಯ್ಯಾಕತ್ತಿಲ್ಲ.”

ಬಾಗಿಲು ತೆರೆಯಲಿಲ್ಲ. ಮತ್ತೆ ಗಂಟು ಕಟ್ಟಿದ. ಹಜರಾಬಿ ಮಗನ ಬೆನ್ನ ಮೇಲೆ ಕೈ ಇಟ್ಟಳು. ಅವನು ನಂಬಿದ್ದ. ನಂಬಿಸಲು ಮನೆ ಹೋಗಬೇಕಾಯಿತು.

ನೆನಪಿನ ಮನೆ ಸುರುವಾಯಿತು. ಮೋಟಾರುಗಳು ಬಂದವು, ಸಾಲಿ ಮಕ್ಕಳ ಬಸ್ಸುಗಳು ಬಂದವು. ಜನ ಒಳಗೆ ನುಗ್ಗುವ ಗದ್ದಲದಲ್ಲಿ ಹಜರಾಬಿಯೂ ನುಗ್ಗಿದಳು. ಕೂರಿಗೆಯ ಮುಂದೆ ನಿಲ್ಲಲಿಲ್ಲ, ಬೀಸುವ ಕಲ್ಲಿನ ಮುಂದೆ ನಿ‌ಲ್ಲಲಿಲ್ಲ. ಕಂದೀಲು ಒರೆಸಿಕೊಂಡು ಮತ್ತೆ ಗೋಡೆ ಏರಿತ್ತು. ಹಗೇವಿನ ಬಾಯಿಗೆ ಕಬ್ಬಿಣದ ಜಾಳಿಗೆ ಹಾಕಿ ಒಳಗೆ ಕರೆಂಟಿನ ದೀಪ ಇಳಿಸಿದ್ದರು. ಆ ದೀಪ ಆರುವಂಥದ್ದಲ್ಲ. ಪಕ್ಕದಲ್ಲಿ ಹಲಗೆ, ಹಲಗೆಯ ಕೆಳಗೆ ಡಬ್ಬಿ, ಡಬ್ಬಿಗೆ ಗುಂಡಿ.

ಎರಡು ಜಡೆ ಹಾಕಿದ ಸಾಲಿ ಹುಡುಗಿಯೊಬ್ಬಳು ಅಲ್ಲಿ ನಿಂತಿದ್ದಳು.

“ಅದೇನ ಬರದಾರ ಓದವ್ವ. ನನಗ ಬರಂಗಿಲ್ಲ.”

ಹುಡುಗಿ ಗಟ್ಟಿಯಾಗಿ ಓದಿದಳು. “ಬರಗಾಲದಲ್ಲಿ ಊರಿಗೆ ಅನ್ನ ನೀಡಿದ ಹಗೇವು.” ಓದಿ ಗುಂಡಿ ಒತ್ತಿದಳು.

ಹಜರಾಬಿಯ ದನಿ ಬಂತು. ಹಿಂದೆ ಯಾವುದೋ ಕೊಳಲು ಸೇರಿಸಿದ್ದರು. ಕರಿಮಣ್ಣ ಹೊಟ್ಟ್ಯಾಗ ಬಿಳಿಜ್ವಾಳ ಮಲಗ್ಯಾವ. ಮಂದಿ ನಿಂತು ಕೇಳಿದರು. ಕೆಲವರು ತಲೆದೂಗಿದರು. ಮ್ಯಾಲಿನ ಕಲ್ಲ ಸರಿಸಣ್ಣ. ಪದ ಮುಗಿಯಿತು. ಅದರ ಹಿಂದೆ ಗೌಡರ ದನಿ ಬರುವ ಮೊದಲು ಒಂದು ಉಸಿರಿನಷ್ಟು ಬಿಡುವು ಇತ್ತು. ಹಜರಾಬಿ ಆ ಬಿಡುವಿನಲ್ಲಿ ಬಾಯಿ ತೆರೆದಳು.

“ಈ ಪದ ಹಾಡಿದಾಕಿ ನಾನು. ಈ ಹಗೇವಿನ್ಯಾಗ ನನ್ನ ಗಂಡ ಸತ್ತಾನ. ಹೆಸರು ಲಾಡ್ಲೆಸಾಬ. ಕಂದೀಲ ಇಳಸದ ಅವನ್ನ ಇಳಸಿದ್ರು. ಅಂವ ಕಳ್ಳ ಅಲ್ಲ. ಇಲ್ಲಿಂದ ಒಂದ ಕಾಳ ಯಾರಿಗೂ ಹಂಚಿಲ್ಲ.”

ಡಬ್ಬಿಯಲ್ಲಿ ಗೌಡ ಮಾತಾಡುತ್ತಲೇ ಇದ್ದ. ಯಾರೂ ಆ ಕಡೆ ನೋಡಲಿಲ್ಲ. ಈ ಕಡೆ ನೋಡಿದರು. ಬಾಗಿಲ ಕಾವಲಿನವನು ಓಡಿ ಬಂದ.

“ಏ ಮುದುಕಿ! ಯಾರ ಬಿಟ್ಟಾರ ನಿನಗ ಒಳಗ? ನಡಿ ಹೊರಗ. ಏನ ಮುಚ್ಚಿಕೊಂಡು ಹೊಂಟೀದಿ ಉಡ್ಯಾಗ?”

ಅವಳು ಜಾಳಿಗೆಯ ಮೇಲೆ ಹತ್ತಿ ನಿಂತಳು. ಸೆರಗಿನ ಗಂಟು ಬಿಚ್ಚಿದಳು. ಎರಡೂ ತುದಿ ಹಿಡಿದಳು. ಅಷ್ಟು ಮಂದಿಯ ಮುಂದೆ, ಮಕ್ಕಳ ಮುಂದೆ, ಝಾಡಿಸಿದಳು. ಏನೂ ಬೀಳಲಿಲ್ಲ. ಧೂಳೂ ಬೀಳಲಿಲ್ಲ.

“ನೋಡ್ರಿ,” ಅಂದಳು. “ಎಲ್ಲಾರೂ ನೋಡ್ರಿ.”

ಕಾವಲಿನವನು ರಟ್ಟೆಗೆ ಕೈ ಹಾಕಿದ. ಮಾಸ್ತರು ಮಕ್ಕಳನ್ನು ಆಚೆ ದಬ್ಬತೊಡಗಿದರು. ಎರಡು ಜಡೆಯ ಹುಡುಗಿ ಮಾತ್ರ ಕದಲಲಿಲ್ಲ. ಮುದುಕಿಯನ್ನು ನೋಡಿದಳು, ಡಬ್ಬಿಯನ್ನು ನೋಡಿದಳು. ಕೈ ಚಾಚಿ ಮತ್ತೆ ಗುಂಡಿ ಒತ್ತಿದಳು.

ಗೌಡನ ದನಿ ನಡುವೆಯೇ ಕಡಿಯಿತು. ಪದ ಮೊದಲಿಂದ ಸುರುವಾಯಿತು.

ರಟ್ಟೆ ಜಗ್ಗುತ್ತಿದ್ದವನಿಗೆ ಬಗ್ಗದೆ, ಜಾಳಿಗೆಯ ಸರಳಿಗೆ ಕಾಲ್ಬೆರಳು ಸಿಗಿಸಿ, ಹಜರಾಬಿ ಉಡಿ ಕಟ್ಟಿಕೊಂಡಳು. ಪದ ಮುಗಿಯುವುದನ್ನೇ ಕಾಯುತ್ತ ನಿಂತಳು.